ಬಾವಿಗೆ ಕಲ್ಲು ತುಂಬಿಸಿದ ಅಕ್ಕೋರು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹನ್ನೊಂದು ದಿನ ತಡವಾಗಿ, ಅವರ ತಮ್ಮನ ಮಗ ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ. ಹುಡುಗ ಹಿಂದೆ ಮುಂದೆ, ಮಡಚುವ ಅಂಚಿನಲ್ಲೂ ಜಾಗ ಬಿಡದೆ ಬರೆದಿದ್ದ. ಇರುವ ಜಾಗವನ್ನು ಖಾಲಿ ಬಿಡುವುದು ಆ ಮನೆತನಕ್ಕೇ ಗೊತ್ತಿಲ್ಲ ನೋಡು ಅನ್ನಿಸಿ, ಅಳುತ್ತ ಕೂತವಳು ನಕ್ಕುಬಿಟ್ಟೆ.

ಹೆಸರು ಬರೆಯುವುದಿಲ್ಲ. ನಾವಿಬ್ಬರೂ ಕಲಿಸುತ್ತಿದ್ದ ಬಬಲೇಶ್ವರದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಇಬ್ಬರು ಅಕ್ಕೋರು ಒಂದೇ ಸಾಲಿಯಲ್ಲಿದ್ದೆವಾದ್ದರಿಂದ ಗುರುತಿಗೆ ನಾನು ವಿಜಾಪುರದ ಅಕ್ಕೋರು, ಅವರು ನಡುಗಡ್ಡಿ ಅಕ್ಕೋರು ಆದೆವು. ಅವರ ಊರು ಪಡುವಣ ಕರಾವಳಿಯಲ್ಲಿ, ನದಿ ಸಮುದ್ರಕ್ಕೆ ಸೇರುವ ಕಡೆ ಇರುವ ಒಂದು ನಡುಗಡ್ಡೆ. ಅವರ ಬಾಯಲ್ಲಿ ಅದು ಕುರ್ವೆ. ದಿನಕ್ಕೆ ಹತ್ತು ಸಲವಾದರೂ ಆ ಕುರ್ವೆ ನಮ್ಮ ನಡುವೆ ಬಂದು ಕೂತುಕೊಳ್ಳುತ್ತಿತ್ತು.

ಎಪ್ಪತ್ತರ ದಶಕದ ಆರಂಭ. ನನಗೆ ಇಪ್ಪತ್ತಮೂರು, ಅವರಿಗೆ ನಲವತ್ತರ ಹತ್ತಿರ. ನಾನು ವಿಜಾಪುರ ಶಹರದ ಇಬ್ರಾಹಿಂಪುರ ಓಣಿಯವಳು, ಅಬ್ಬಾನ ಸೈಕಲ್ ಅಂಗಡಿ ಸ್ಟೇಷನ್ ರಸ್ತೆಯಲ್ಲಿ. ಮನೆಯಲ್ಲಿ ನಳ ಇತ್ತು, ಮೂಗಿನ ತುದಿಯಲ್ಲಿ ಶಹರದ ಸೊಕ್ಕೂ ಇತ್ತು. ಮೊದಲ ದಿನ ಅವರು ಬಸ್ಸಿನಿಂದ ಇಳಿದದ್ದು ಕಣ್ಣಿಗೆ ಕಟ್ಟಿದಂತಿದೆ. ಒಂದು ಟ್ರಂಕು, ಒಂದು ಪೊರಕೆ, ತೆಂಗಿನ ಚಿಪ್ಪು ತುಂಬಿದ ಒಂದು ಗೋಣಿಚೀಲ. ಇವರು ಸಂಸಾರ ತಂದಿದ್ದಾರೋ ತಿಪ್ಪೆ ತಂದಿದ್ದಾರೋ ಎಂದು ನಾನು ಪಕ್ಕದವರ ಕಿವಿಯಲ್ಲಿ ಹೇಳಿ ನಕ್ಕೆ. ಅವರಿಗೆ ಕೇಳಿಸಿತು. ಚೀಲದ ಇನ್ನೊಂದು ತುದಿ ಹಿಡಿದುಕೊಳ್ಳಲು ನನಗೇ ಹೇಳಿದರು. ಹಿಡಿದೆ.

ಸಾಲಿಗೆ ಹತ್ತಿಕೊಂಡು ಹುಡುಗಿಯರ ಬೋರ್ಡಿಂಗು. ತಿಕೋಟಾ, ಕನಮಡಿ ಕಡೆಯ ಹಳ್ಳಿಗಳಿಂದ ಬಂದ ಇಪ್ಪತ್ತಾರು ಹುಡುಗಿಯರು ಅಲ್ಲಿದ್ದರು. ಅವರನ್ನು ನೋಡಿಕೊಳ್ಳುವ ಕೆಲಸವೂ ನಮ್ಮಿಬ್ಬರದೇ ಆದ್ದರಿಂದ ಒಂದೇ ಕೋಣೆಯಲ್ಲಿ ಎರಡು ಹೊರಸು ಹಾಕಿಕೊಂಡು ಇದ್ದೆವು. ತಿಂಗಳೊಳಗೆ ಆ ಗೋಣಿಚೀಲ ಖಾಲಿಯಾಯಿತು. ಚಿಪ್ಪುಗಳೆಲ್ಲ ಸೌಟು, ಉಪ್ಪಿನ ಬಟ್ಟಲು, ದೀಪದ ತಟ್ಟೆ, ಹುಡುಗಿಯರ ಸೂಜಿ-ದಾರದ ಡಬ್ಬಿ ಆಗಿ ಮನೆ ತುಂಬ ಹರಡಿಕೊಂಡವು.

ಅವರ ಕೈಗೆ ಬಂದ ನೀರಿಗೆ ಬೇಗ ಬಿಡುಗಡೆ ಇರಲಿಲ್ಲ. ಬ್ಯಾಳಿ ತೊಳೆದ ನೀರು ಮುಸುರೆ ಪಾತ್ರೆಗೆ, ಅಲ್ಲಿಂದ ಬೋರ್ಡಿಂಗಿನ ಎಮ್ಮೆಯ ಬಾನಿಗೆ. ಮೈ ತೊಳೆದ ನೀರು ಬಚ್ಚಲ ಹಿಂದಿನ ಬದನೆ ಗಿಡಕ್ಕೆ. ಹರಿದ ಸೀರೆ ಕೌದಿಯಾಗುವುದು ನಮ್ಮ ಕಡೆಯೂ ಉಂಟು; ಕೌದಿ ಹರಿದ ಮೇಲೆ ಏನಾಗಬೇಕು ಅನ್ನುವುದಕ್ಕೂ ಅವರ ಹತ್ತಿರ ಉತ್ತರ ಇತ್ತು. ಬಂದ ಲಕೋಟೆಯನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ಅಂಟಿಸಿ, ಮತ್ತೆ ಕಳಿಸುತ್ತಿದ್ದರು. ನನಗೆ ರೇಗಿ ಹೋಗುತ್ತಿತ್ತು. ಒಂದು ದಿನ ಹಲ್ಲು ಮುರಿದ ಬಾಚಣಿಗೆಯನ್ನು ನಾನು ಕಂಪೌಂಡಿನ ಆಚೆ ಒಗೆದದ್ದನ್ನು ನೋಡಿ, ಹೋಗಿ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟರು.

“ಕುರ್ವೆಯಲ್ಲಿ ಎಸೀಲಿಕ್ಕೆ ಜಾಗ ಎಲ್ಲುಂಟು ಮಾರಾಯ್ತಿ? ಬೇಡ ಅಂತ ಎಸೆದದ್ದು ಸಮುದ್ರ ಉಕ್ಕುವ ಭರತದ ನೀರಲ್ಲಿ ತೇಲಿಕೊಂಡು ತಿರುಗಿ ನಮ್ಮ ಬಾಗಿಲಿಗೇ ಬರ್ತದೆ” ಅಂದರು.

ಇದು ಕುರ್ವೆ ಅಲ್ಲ, ನಾಲ್ಕೂ ದಿಕ್ಕಿಗೆ ಬಯಲು ಬಿದ್ದಿದೆ, ಬೇಕಾದಷ್ಟು ಎಸೆಯಬಹುದು ಎಂದು ನಾನು ವಾದಿಸಿದೆ. ಬಾಚಣಿಗೆ ಆಮೇಲೆ ಎಮ್ಮೆಯ ಮೈ ತಿಕ್ಕಲು ಹೋಯಿತು.

ಜಿಪುಣರೇ ಎಂದು ಕೇಳಿದರೆ ಅಲ್ಲ. ಒಮ್ಮೆ ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ಬೋರ್ಡಿಂಗಿನಲ್ಲಿ ಮೀನು ನಡೆಯುವುದಿಲ್ಲವೆಂದು ಟ್ರಂಕಿನ ತಳದಲ್ಲಿ ಡಬ್ಬಿ ಮುಚ್ಚಿಟ್ಟಿದ್ದ ಒಣಮೀನನ್ನು ಅಷ್ಟೂ ತಂದು ಅಮ್ಮೀಜಾನಳ ಒಲೆಯ ಮೇಲೆ ಹುರಿದರು. ಓಣಿಗೆ ಓಣಿಯೇ ಮೂಗು ಮುಚ್ಚಿಕೊಂಡಿತು. ಅಬ್ಬಾ ಅಂಗಡಿ ಮುಚ್ಚಿ ಬಂದವರು ಬಾಗಿಲಲ್ಲೇ ನಿಂತು, ಸಮುದ್ರ ಇಬ್ರಾಹಿಂಪುರದ ತನಕ ಬಂತೇನು ಎಂದು ಕೇಳಿದರು. ಆದರೂ ಉಂಡರು, ಎರಡನೆಯ ಸಲ ಹಾಕಿಸಿಕೊಂಡೂ ಉಂಡರು. ವರ್ಷಕ್ಕಾಗುವಷ್ಟನ್ನು ಒಂದೇ ಊಟಕ್ಕೆ ಖರ್ಚು ಮಾಡಿದ ಆ ಹೆಂಗಸು ಮುಳ್ಳನ್ನು ಮಾತ್ರ ಒಂದೂ ಬಿಡದೆ ಆಯ್ದು ನಮ್ಮ ಲಿಂಬೆ ಗಿಡದ ಬುಡಕ್ಕೆ ಹೂತರು. ಹೊರಡುವಾಗ ಅಬ್ಬಾನಿಂದ ಹರಿದ ಸೈಕಲ್ ಟ್ಯೂಬು ಕೇಳಿ ಇಸಿದುಕೊಂಡರು.

ಇನ್ನು ಬಾವಿಯ ಮಾತು.

ಡೋಣಿ ಹರಿದರೆ ಓಣೆಲ್ಲ ಜೋಳ ಅನ್ನುತ್ತಾರೆ ನಮ್ಮ ಕಡೆ. ಆ ಹೊಳೆಯ ಸೀಮೆಯ ಎರಿ ಭೂಮಿಗೆ ಜೋಳ ಬೆಳೆಯುವ ಹಮ್ಮು ಎಷ್ಟೋ, ನೆಲದಡಿಯ ನೀರಿನ ಸವಳೂ ಅಷ್ಟೇ. ಬರದ ವರ್ಷ ಬಂದಾಗ ಬೋರ್ಡಿಂಗಿನ ಬಾವಿ ತಳ ಕಂಡಿತು. ನೀರು ಇಳಿದರೆ ಬಾವಿ ತೋಡಿಸು ಎಂಬುದು ನಮ್ಮ ಕಡೆ ತಲೆತಲಾಂತರದ ಬುದ್ಧಿ. ಬೋರ್ಡಿಂಗಿನ ಅಧ್ಯಕ್ಷರಾಗಿದ್ದ ಗೌಡರು ಅದನ್ನೇ ಮಾಡಿದರು. ಕಲ್ಲು ಒಡೆಸಿ ನಾಲ್ಕು ಆಳುದ್ದ ಆಳವಿದ್ದ ಬಾವಿಯನ್ನು ಆರಾಳು ಮಾಡಿಸಿದರು, ದಂಡೆಯ ಮೇಲೆ ಡೀಸೆಲ್ ಇಂಜಿನ್ನೂ ಕೂಡಿಸಿದರು. ನೀರು ಬಂತು, ಧಾರಾಳ ಬಂತು, ಊರಿಗೆಲ್ಲ ಪೇಢೆ ಹಂಚಿದರು. ತಿಂಗಳೊಳಗೆ ಆ ನೀರು ಬಾಯಿಗಿಡಲಾಗದಷ್ಟು ಸವಳಾಯಿತು. ಬೆಳಿಗ್ಗೆ ಒಲೆಗೆ ಹಾಕಿದ ತೊಗರಿ ಬ್ಯಾಳಿ ಮಧ್ಯಾಹ್ನವಾದರೂ ಹರಳಿನಂತೆ ಹಾಗೇ ಇರುತ್ತಿತ್ತು. ಹುಡುಗಿಯರಿಗೆ ಹೊಟ್ಟೆ ಕೆಡತೊಡಗಿತು.

ಸುದ್ದಿ ವಿಜಾಪುರಕ್ಕೆ ಹೋಗಿ ಅಲ್ಲಿಂದ ಸಾಲಿ ತಪಾಸಣೆಯ ಸಾಹೇಬರೊಬ್ಬರು ಬಂದರು. ಒಂದು ಗುಟುಕು ಕುಡಿದು ಉಗುಳಿದರು. ಇನ್ನೊಂದು ತಿಂಗಳಿಗೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಕುಡಿಯುವ ನೀರು ಇಲ್ಲಿಯೇ ಆಗದಿದ್ದರೆ ಬೋರ್ಡಿಂಗ್ ಮುಚ್ಚಿ ಹುಡುಗಿಯರನ್ನು ಮನೆಗೆ ಕಳಿಸತಕ್ಕದ್ದು ಎಂದು ಬರೆದಿಟ್ಟು ಹೋದರು. ಅವರದು ತಪ್ಪೆನ್ನಲು ಬರುವಂತಿರಲಿಲ್ಲ. ಆದರೆ ಮನೆಗೆ ಹೋದವರು ಮರಳಿ ಬರುವುದಿಲ್ಲವೆಂಬುದು ನಮಗಿಬ್ಬರಿಗೂ ಗೊತ್ತಿತ್ತು. ಹತ್ತನೆಯ ಇಯತ್ತೆಯಲ್ಲಿದ್ದ ಕನಮಡಿಯ ಶಾಂತಾಗೆ ಗಂಡು ನೋಡಿಯೂ ಆಗಿತ್ತು. ಬೋರ್ಡಿಂಗ್ ನಡೆದರೆ ಪರೀಕ್ಷೆ, ಮುಚ್ಚಿದರೆ ಮದುವೆಯ ಅಕ್ಕಿಕಾಳು ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಸಾಹೇಬರು ಹೋದ ಮರುದಿನ ಅಕ್ಕೋರು ಟ್ರಂಕಿನಿಂದ ಅಬ್ಬಾನ ಟ್ಯೂಬು ತೆಗೆದರು. ಒಂದು ಔಷಧದ ಬಾಟಲಿಗೆ ಹಗ್ಗ, ಭಾರಕ್ಕೆ ಕಲ್ಲು ಕಟ್ಟಿದರು. ಬೆಂಡಿನ ಬಿರಡೆಗೆ ಟ್ಯೂಬಿನ ತುಂಡು ಸುತ್ತಿ ಬಾಯಿ ಬಿಗಿದು, ಬಿರಡೆಗೆ ಬೇರೆ ದಾರ ಕಟ್ಟಿದರು. ಬಾಟಲಿ ಬೇಕಾದ ಆಳಕ್ಕೆ ಇಳಿದ ಮೇಲೆ ದಾರ ಎಳೆದರೆ ಬಿರಡೆ ಕಿತ್ತು ಅಲ್ಲಿಯ ನೀರೇ ಒಳಗೆ ತುಂಬುತ್ತಿತ್ತು. ಮೇಲಿನದು, ನಡುವಿನದು, ತಳದ್ದು ಎಂದು ಮೂರು ಬಾಟಲಿ ತುಂಬಿ, ಗೌಡರನ್ನು ಕರೆಸಿ, ಅವರ ಮುಂದೆ ಸಾಲಾಗಿ ಇಟ್ಟರು. ಗೌಡರು ಮೊದಲನೆಯದನ್ನು ಕುಡಿದು ಪರವಾಗಿಲ್ಲ ಎಂದು ತಲೆ ಆಡಿಸಿದರು. ಎರಡನೆಯದಕ್ಕೆ ಮುಖ ಕಿವುಚಿದರು. ಮೂರನೆಯದನ್ನು ಉಗುಳಿ, ಇದು ಯಾವ ಬಾವಿಯದೆಂದು ಕೇಳಿದರು. ಮೂರೂ ನಿಮ್ಮದೇ ಬಾವಿಯದು ಎಂದರು ಅಕ್ಕೋರು.

ಆಮೇಲೆ ತಮ್ಮ ಕುರ್ವೆಯ ಬಾವಿಯ ಕಥೆ ಹೇಳಿದರು. ಸುತ್ತ ಉಪ್ಪುನೀರು, ಅಡಿಯಲ್ಲೂ ಉಪ್ಪುನೀರು. ಮಳೆಗಾಲದಲ್ಲಿ ಇಂಗಿದ ಸಿಹಿನೀರು ಹಾಲಿನ ಮೇಲಿನ ಕೆನೆಯ ಹಾಗೆ ಅದರ ಮೇಲೆ ನಿಂತಿರುತ್ತದೆ. ಅಲ್ಲಿ ಯಾರೂ ಬಾವಿಯನ್ನು ಆಳ ಮಾಡುವುದಿಲ್ಲ, ಯಾರೂ ಕೊಡವನ್ನು ಮುಳುಗಲು ಬಿಡುವುದಿಲ್ಲ. ಅವಸರ ಮಾಡಿ ಸೇದಿದರೆ ಕೆಳಗಿನ ಉಪ್ಪು ಎದ್ದು ಬರುತ್ತದೆ, ಬಂದರೆ ಸುಲಭಕ್ಕೆ ಇಳಿಯುವುದಿಲ್ಲ. ಇಲ್ಲಿಯೂ ಆದದ್ದು ಅದೇ. ನಾಲ್ಕಾಳಿನ ತನಕ ನೀರು ಕಡಿಮೆಯಿದ್ದರೂ ಸಿಹಿಯಿತ್ತು, ಅಳತೆಯಲ್ಲಿ ಸೇದಿದರೆ ಅಷ್ಟೇ ಸಾಕು. ಕೆಳಗಿನ ಎರಡಾಳಿನಲ್ಲಿ ಸವಳಿನ ಬಾಗಿಲು ತೆಗೆದಿದ್ದೇವೆ, ಇಂಜಿನ್ ಅದನ್ನು ಜಗ್ಗಿ ಜಗ್ಗಿ ಮೇಲಕ್ಕೆ ತರುತ್ತಿದೆ. ಆ ಎರಡಾಳನ್ನು ಮತ್ತೆ ಕಲ್ಲು ಮಣ್ಣಿನಿಂದ ತುಂಬಿಸಬೇಕು.

ಗೌಡರು ಎದ್ದು ಹೋಗಿ ಬಾವಿಯೊಳಗೆ ಬಗ್ಗಿ ನೋಡಿದರು. ಬರದಲ್ಲಿ ಬಾವಿ ತುಂಬಿಸಿದ ಅಧ್ಯಕ್ಷ ಎಂದು ಮೊಮ್ಮಕ್ಕಳ ಕಾಲಕ್ಕೂ ಹೆಸರು ಉಳಿಯುತ್ತದಲ್ಲ ಎಂಬ ಚಿಂತೆ ಅವರಿಗೆ.

“ಅಕ್ಕೋರ, ಮಂದಿ ಬರಗಾಲದಾಗ ಬಾವಿ ತೋಡ್ತಾರ. ನೀವು ತುಂಬಸ್ತೀನಿ ಅನ್ನಾಕತ್ತೀರಿ” ಅಂದರು ಕೊನೆಗೆ. “ತುಂಬಸ್ರಿ. ಆದರ ಸಾಹೇಬ್ರು ಬರೂದರಾಗ ನೀರು ಸಿಹಿ ಆಗಲಿಲ್ಲಂದ್ರ ಹುಡುಗ್ಯಾರು ಮನಿಗಿ ಹೋಗ್ತಾರ. ಅದು ನಿಮ್ಮ ಕೊಳ್ಳಿಗೆ ನೋಡ್ರಿ.”

“ನನ್ನ ಕೊರಳಿಗೇ ಇರ್ಲಿ ಗೌಡ್ರೆ” ಅಂದರು ಅಕ್ಕೋರು.

ಗೌಡರು ಒಪ್ಪಿದರು, ಅಡಿಗೆಯ ಯಲ್ಲವ್ವ ಒಪ್ಪಲಿಲ್ಲ. ಮೊದಲ ಬುಟ್ಟಿ ಕಲ್ಲು ಇಳಿಸುವ ಹೊತ್ತಿಗೆ ಬಂದು ಬಾವಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು. ಅರಿಶಿಣ ಕುಂಕುಮ ಹಾಕಿ ಪೂಜಿಸಿದ ಬಾವಿ ಅದು.

“ಗಂಗವ್ವನ ಬಾಯಾಗ ಮಣ್ಣ ಹಾಕತೀರೇನ್ರಿ ಯವ್ವಾ?” ಎಂದು ಕೇಳಿದಳು.

ಅಕ್ಕೋರು ಅವಳ ಪಕ್ಕದಲ್ಲೇ ಕೂತರು. “ಬಾಯಿಗಲ್ಲ ಯಲ್ಲವ್ವ, ಗಾಯಕ್ಕೆ. ನಾವೇ ಒಡೆದು ಮಾಡಿದ ಗಾಯ, ನಾವೇ ಮುಚ್ಚಬೇಕಲ್ಲ.”

ಯಲ್ಲವ್ವ ಎದ್ದು ಹೋದಳು. ಹೋದವಳು ಒಂದು ಬುಟ್ಟಿ ಎರಿ ಮಣ್ಣು ಹೊತ್ತುಕೊಂಡು ಬಂದಳು. ಅಲ್ಲಿಂದ ಮುಂದೆ ಕೆಲಸ ನಿಲ್ಲಲಿಲ್ಲ. ಬಾವಿ ಒಡೆದಾಗ ತೆಗೆದ ಕಲ್ಲು ದಂಡೆಯಲ್ಲೇ ಗುಡ್ಡೆ ಬಿದ್ದಿತ್ತು. ಇಂಜಿನ್ ಹಚ್ಚಿ ಸವಳು ನೀರನ್ನೆಲ್ಲ ಹೊರಗೆ ಹಾಕಿಸಿ, ಆ ಕಲ್ಲನ್ನೇ ತಿರುಗಿ ಇಳಿಸಿ, ಸಂದುಗಳಿಗೆ ಎರಿ ಮಣ್ಣು ತುಂಬಿ ತುಳಿದೆವು. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು ಹೇಳಿದವಳು ಯಲ್ಲವ್ವ. ಕುರ್ವೆಯವರಿಗೆ ಎರಿ ಮಣ್ಣಿನ ಗುಣ ಎಲ್ಲಿಂದ ಗೊತ್ತಿರಬೇಕು? ಇಪ್ಪತ್ತಾರು ಹುಡುಗಿಯರು ಬುಟ್ಟಿ ಕೈ ಬದಲಿಸಿದರು. ಊರ ಮಂದಿ ಬಂದು ಬಂದು ನೋಡಿ, ಬಾಯಿಗೆ ಬಂದದ್ದು ಅಂದು ಹೋದರು. ಆರು ದಿನಕ್ಕೆ ಬಾವಿ ನಾಲ್ಕಾಳು ಆಯಿತು. ಇಂಜಿನ್ ಬಿಚ್ಚಿ ಕೊಟ್ಟಿಗೆಗೆ ಸೇರಿಸಿದರು.

ನೀರು ಪಕ್ಕದ ಗೋಡೆಯ ಗರಸು ಮಣ್ಣಿನಿಂದ ಬೆವರಿದ ಹಾಗೆ ಒಸರತೊಡಗಿತು. ಅಲ್ಲಿಯ ತನಕ ಕುಡಿಯಲು ದೂರದ ಹೊಲದ ಬಾವಿಯಿಂದ ಗೌಡರ ಚಕ್ಕಡಿಯಲ್ಲಿ ಬರುತ್ತಿತ್ತು. ಮೊದಲು ತುಂಬಿದ್ದನ್ನು ಅಕ್ಕೋರು ಸೇದಿ ಚೆಲ್ಲಿಸಿದರು. ಎರಡನೆಯ ಸಲ ತುಂಬಿದಾಗ ಬಾಟಲಿ ಇಳಿಸಿ, ಬಾಯಲ್ಲಿ ಹಾಕಿಕೊಂಡು, ಕಣ್ಣು ಮುಚ್ಚಿ ನಿಂತರು. ಆಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಸಿಹಿಯಾಗಿತ್ತು. ಆ ಹೊತ್ತು ನನಗಾದ ಸಂತೋಷವನ್ನು ಈಗಲೂ ಹೇಳಲು ಬರುವುದಿಲ್ಲ. ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ, ಅಷ್ಟೆ.

ಮರುದಿನದಿಂದ ಕುರ್ವೆಯ ಕಾನೂನು ಜಾರಿಯಾಯಿತು. ಕೊಡ ಬಂದ್. ಒಂದು ಚರಗಿಯ ಕೊರಳಿಗೆ ಕತ್ತಾಳೆಯ ಬೆಂಡು ಕಟ್ಟಿದರು. ಹಗ್ಗ ಎಷ್ಟೇ ಬಿಟ್ಟರೂ ಅದು ಗೇಣಿಗಿಂತ ಕೆಳಗೆ ಮುಳುಗದು. ನಸುಕಿನಲ್ಲಿ ಒಮ್ಮೆ, ಸಂಜೆ ಒಮ್ಮೆ ಸೇದುವುದು. ನಡುವೆ ಜೋಳದ ಕಣಿಕೆಯ ತಟ್ಟಿ ಮುಚ್ಚಿ ಬಾವಿಗೆ ವಿಶ್ರಾಂತಿ. ಕುಡಿಯಲು ಇಷ್ಟು, ಅಡಿಗೆಗೆ ಇಷ್ಟು, ಮೈಗೆ ಇಷ್ಟು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಕೆಳಗಿನ ನೀರು ನಮ್ಮದಲ್ಲ, ಮೇಲಿನದಷ್ಟೇ ನಮ್ಮದು ಎಂದು ಹುಡುಗಿಯರಿಗೆ ಮಗ್ಗಿಯಂತೆ ಕಲಿಸಿದರು. ಹುಡುಗಿಯರು ಕಲಿತರು. ಕಲಿಯದವಳು ನಾನು.

ಸಾಹೇಬರು ಬರಲು ಇನ್ನೂ ಐದು ದಿನ ಇತ್ತು. ಮರುದಿನ ವಿಜಾಪುರದಲ್ಲಿ ನನ್ನ ಮಾವನ ಮಗಳ ನಿಕಾ. ಹದಿನೈದು ದಿನದಿಂದ ತಲೆ ತೊಳೆದಿರಲಿಲ್ಲ. ನೆಂಟರ ಮುಂದೆ ಈ ಜಿಡ್ಡುಗೂದಲು ಹೇಗೆ ತೋರಿಸಲಿ? ಮಧ್ಯಾಹ್ನ ಎಲ್ಲರೂ ಕ್ಲಾಸಿನಲ್ಲಿದ್ದಾಗ ಕಣಿಕೆಯ ತಟ್ಟಿ ಸರಿಸಿ, ಬೆಂಡಿಲ್ಲದ ದೊಡ್ಡ ಕೊಡವನ್ನೇ ಇಳಿಸಿದೆ. ತಳಕ್ಕೆ ಬಡಿದ ಸದ್ದೂ ಕೇಳಿಸಿತು. ಬೇಗ ಬೇಗ ಆರು ಕೊಡ ಜಗ್ಗಿದೆ. ಸಂಜೆಯ ನೀರು ಬಾಯಿಗಿಟ್ಟ ಅಕ್ಕೋರು ತಟ್ಟನೆ ನಿಂತರು. ಇನ್ನೊಮ್ಮೆ ನೋಡಿದರು. ಸವಳು ಎದ್ದಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಕೂದಲು ಇನ್ನೂ ಹಸಿಯಿತ್ತು.

ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. ಕೂದಲು ಚೆಂದ ಕಾಣ್ತದೆ ಎಂದಷ್ಟೇ ಹೇಳಿ, ಆ ಸಂಜೆ ಯಾರೂ ನೀರು ಸೇದುವುದು ಬೇಡವೆಂದು ಹುಡುಗಿಯರನ್ನು ಒಳಗೆ ಕಳಿಸಿದರು. ನಾನು ನಿಕಾಕ್ಕೆ ಹೋಗಲಿಲ್ಲ. ಮೂರು ದಿನ ಬಾವಿಗೆ ಯಾರೂ ಹಗ್ಗ ಇಳಿಸಲಿಲ್ಲ. ಅಡಿಗೆಗೂ ಕುಡಿಯಲೂ ಮತ್ತೆ ಚಕ್ಕಡಿಯ ನೀರೇ ಬಂತು, ಮೈಗೆ ನೀರಿಲ್ಲ. ಕ್ಲಾಸು ಮುಗಿಸಿದ ಕೂಡಲೇ ಹೋಗಿ ತಟ್ಟಿಯ ಪಕ್ಕದಲ್ಲಿ ಕಾವಲು ಕೂರುತ್ತಿದ್ದೆ. ಶಾಂತಾ ಪುಸ್ತಕ ತಂದು ನನ್ನ ಬಳಿಯೇ ಓದುತ್ತಿದ್ದಳು. ಅವಳಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ನಾನು ಅವಳ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ನಾಲ್ಕನೆಯ ದಿನ ಅಕ್ಕೋರು ಬಾಟಲಿ ಇಳಿಸಿ ಬಾಯಲ್ಲಿ ಹಾಕಿಕೊಂಡರು. ನಾನು ಹೇಗಿದೆ ಎಂದು ಕೇಳಿದೆ. ಸಾಹೇಬರು ಹೇಳುತ್ತಾರೆ ಎಂದು ಬಾಟಲಿ ಮುಚ್ಚಿದರು. ಅಷ್ಟರ ಮಟ್ಟಿಗೆ ಅವರಿಗೂ ಸಿಟ್ಟು ಇತ್ತು.

ಸಾಹೇಬರು ಬರುವ ದಿನ ಬೇವಿನ ಮರದಡಿ ಹುಡುಗಿಯರ ಅಪ್ಪಂದಿರು ಒಂಬತ್ತು ಜನ ಬಂದು ಕೂತಿದ್ದರು. ಮುಚ್ಚುವುದು ಖಾತ್ರಿ ಎಂದುಕೊಂಡೇ ಕರೆದೊಯ್ಯಲು ಬಂದವರು. ಒಳಗೆ ಟ್ರಂಕು, ಗಂಟು ಸಾಲಾಗಿ ಇಟ್ಟಿದ್ದವು. ಶಾಂತಾಳ ಅಪ್ಪ ಕನಮಡಿಯಿಂದ ನಸುಕಿಗೇ ಹೊರಟು ಬಂದಿದ್ದ.

ಸಾಹೇಬರನ್ನು ಮೊದಲು ಊಟಕ್ಕೆ ಕೂಡಿಸಿದರು. ಯಲ್ಲವ್ವ ರೊಟ್ಟಿಯ ಮೇಲೆ ಬ್ಯಾಳಿ ಹಾಕಿದಳು. ಬೆಣ್ಣೆಯ ಹಾಗೆ ಬೆಂದಿತ್ತು. ಸಾಹೇಬರು ಉಂಡು, ನೀರಿನ ಲೋಟ ಎತ್ತಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ನನ್ನ ಆರು ಕೊಡದಿಂದ ಇಪ್ಪತ್ತಾರು ಹುಡುಗಿಯರ ಸಾಲಿ ಹೋಗದಿರಲಿ ಎಂದು ಅಲ್ಲಾಹನಲ್ಲಿ ಬೇಡಿಕೊಳ್ಳಲೂ ನಾಚಿಕೆಯಾಗುತ್ತಿತ್ತು. ಅವರು ಒಂದು ಗುಟುಕು ಕುಡಿದರು. ನಿಲ್ಲಿಸಿದರು. ಆಮೇಲೆ ಲೋಟ ಇಳಿಸದೆ ಗಟಗಟ ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ಬಹಳ ಚಲೋ ಐತಿ, ಇನ್ನೊಂದು ಲೋಟ ತರಿಸ್ರಿ ಎಂದರು.

“ಇಲ್ಲ” ಅಂದರು ಅಕ್ಕೋರು.

ಗೌಡರ ಕೈಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತು. ಸಾಹೇಬರು ತಲೆ ಎತ್ತಿದರು.

“ಇವತ್ತಿನದು ನಿಮ್ಮ ಪಾಲು ಮುಗೀತು ಸಾರ್. ಉಳಿದದ್ದು ಮಕ್ಕಳದ್ದು. ನಿಮಗೆ ಕೊಟ್ರೆ ನಾಳೆ ಇನ್ನೊಬ್ರಿಗೂ ಕೊಡಬೇಕಾಗ್ತದೆ, ಹಾಗೆ ಅಳತೆ ಮೀರಿ ತೆಗೆದೇ ಈ ಬಾವಿ ಹಾಳಾದದ್ದು.”

ಸಾಹೇಬರು ಲೋಟವನ್ನು ಮೆಲ್ಲಗೆ ಮಗುಚಿ ಇಟ್ಟರು. ನನ್ನ ನೌಕರಿಯ ಕಾಲದಾಗ ಎಲ್ಲಾರೂ ನನಗ ಕುಡೀರಿ ಕುಡೀರಿ ಅಂದಾರ, ಸಾಕು ಅಂದಾವ್ರು ನೀವೊಬ್ರೇ ಎಂದು ಹೊಟ್ಟೆ ಹಿಡಿದು ನಕ್ಕರು. ಗೌಡರಿಗೂ ಆಗ ಉಸಿರು ಬಂತು. ಸಾಹೇಬರು ಅಲ್ಲೇ ಕೂತು, ನೀರು ಸಿಹಿಯಾಗಿದೆ, ಅದನ್ನು ಬಳಸುವ ಶಿಸ್ತು ಅದಕ್ಕಿಂತ ಚೆನ್ನಾಗಿದೆ, ಬೋರ್ಡಿಂಗ್ ಮುಂದುವರಿಯಲಿ ಎಂದು ಬರೆದು ಸಹಿ ಹಾಕಿದರು. ಒಳಗಿಂದ ಇಣುಕುತ್ತಿದ್ದ ಹುಡುಗಿಯರು ಹೋ ಎಂದು ಕೂಗಿದರು. ಯಲ್ಲವ್ವ ಹಿಟ್ಟಿನ ಕೈಯಲ್ಲೇ ಅಕ್ಕೋರ ಗಲ್ಲ ಹಿಡಿದು ನಿವಾಳಿಸಿದಳು. ನಾನು ಚೌಕಟ್ಟಿಗೆ ತಲೆಯಿಟ್ಟು ಅತ್ತೆ. ಅಕ್ಕೋರು ಹತ್ತಿರ ಬಂದು, ನಿನ್ನೆಯೇ ಸಿಹಿಯಿತ್ತು ಮಾರಾಯ್ತಿ, ಒಂದು ರಾತ್ರಿ ನೀನು ಹೆದರಲಿ ಅಂತ ಸುಮ್ಮನಿದ್ದೆ ಎಂದು ಹೇಳಿ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಆ ಗುದ್ದಿಗೆ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಆಮೇಲೆ ಚರಗಿ ಹಿಡಿದುಕೊಂಡು ಅಕ್ಕೋರು ಬೇವಿನ ಮರದ ಕಡೆ ನಡೆದರು. ಬಿಸಿಲಲ್ಲಿ ಬರುವ ಅಪ್ಪಂದಿರಿಗೆ ಒಂದೊಂದು ಲೋಟ ಎಂದು ನಸುಕಿನಲ್ಲೇ ತೆಗೆದಿಟ್ಟಿದ್ದರಂತೆ. ಒಬ್ಬೊಬ್ಬರೂ ಕುಡಿದು ಲೋಟ ತಿರುಗಿ ಕೊಟ್ಟರು. ಕೊನೆಗೆ ಕುಡಿದವನು ಶಾಂತಾಳ ಅಪ್ಪ. ಅವನು ಬಾಯಲ್ಲಿ ಸ್ವಲ್ಪ ಹೊತ್ತು ನೀರು ಹಿಡಿದಿಟ್ಟುಕೊಂಡು, ನುಂಗಿ, ತಲೆಯ ಪಟಕ ಕೊಡವಿ ಸುತ್ತಿಕೊಂಡ. ಮಗಳು ಬಾಗಿಲಲ್ಲಿ ಗಂಟು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು.

“ಗಂಟು ಬಿಚ್ಚವ್ವಾ” ಅಂದ. “ನಾ ಹೊಂಟೆ.”